ಪಿಪಿಟಿ ಮುಚ್ಚಿ, ಮಾತಾಡಿ ನೋಡೋಣ!

ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೆಮಿನಾರ್ ದಿನ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆಯಿಂದಲೇ ಕಾರಿಡಾರ್‌ನಲ್ಲಿ ಇಸ್ತ್ರಿ ಮಾಡಿದ ಬಟ್ಟೆಗಳ ಓಡಾಟ. ಒಂದೇ ಪೆನ್‌ಡ್ರೈವ್ ಹತ್ತು ಕೈ ದಾಟುತ್ತಿರುತ್ತದೆ. ‘ನಿಂದು ಎಷ್ಟು ಸ್ಲೈಡ್?’ ‘ಇಪ್ಪತ್ತೆರಡು. ನಿಂದು?’ ‘ಅಯ್ಯೋ, ನಂದು ಹದಿನೆಂಟೇ ಇದೆ ಮಾರಾಯ್ತಿ!’ ಹೆಸರು ಕರೆದ ಕೂಡಲೇ ಎದ್ದು ಹೋದವರು ‘ಗುಡ್ ಮಾರ್ನಿಂಗ್ ಒನ್ ಅಂಡ್ ಆಲ್’ ಎನ್ನುತ್ತಾರೆ. ಅದೊಂದು ವಾಕ್ಯ ಮಾತ್ರ ನಮಗೆ. ಆಮೇಲೆ ಹೇಳುವುದೆಲ್ಲ ಪರದೆಗೆ. ಅಲ್ಲಿ ಬರೆದಿದ್ದನ್ನು ಅಲ್ಲಿಗೇ ಓದಿ ಹೇಳಿ, ಕೊನೆಗೆ ನಮ್ಮ ಕಡೆ ತಿರುಗಿ ‘ಎನಿ ಕ್ವೆಶ್ಚನ್ಸ್?’ ಎಂದು ಕೇಳುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಚಪ್ಪಾಳೆ. ಮುಂದಿನವರು ಬನ್ನಿ.

ಮಧ್ಯಾಹ್ನ ಕ್ಯಾಂಟೀನ್‌ನಲ್ಲಿ ಕೂತಾಗ ‘ಬೆಳಿಗ್ಗೆ ಮೊದಲನೆಯವನು ಏನು ಹೇಳಿದ?’ ಎಂದು ಯಾರನ್ನಾದರೂ ಕೇಳಿ ನೋಡಿ. ವಿಷಯದ ಹೆಸರು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ.

ನಾನು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿಇ ಮೂರನೇ ವರ್ಷ ಓದುತ್ತಿದ್ದೇನೆ. ಈವರೆಗೆ ಇಂಥ ಪ್ರೆಸೆಂಟೇಷನ್‌ಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ, ಕೆಲವನ್ನು ಕೊಟ್ಟೂ ಇದ್ದೇನೆ. ‘ನಿಮಗೆ ಏನು ಕಷ್ಟ?’ ಎಂದು ಕೇಳಿದರೆ ನಮ್ಮಲ್ಲಿ ಅರ್ಧ ಜನ ‘ಸ್ಟೇಜ್ ಫಿಯರ್’ ಎನ್ನುತ್ತಾರೆ, ಉಳಿದರ್ಧ ಜನ ‘ಇಂಗ್ಲಿಷ್’ ಎನ್ನುತ್ತಾರೆ. ಎರಡೂ ನಿಜವೇ. ಆದರೆ ಇವೆರಡಕ್ಕಿಂತ ಮೊದಲಿನ ತೊಂದರೆ ಒಂದಿದೆ. ‘ನಾನು ಹೇಳಿದ್ದು ಎದುರಿಗೆ ಕೂತವರಿಗೆ ಅರ್ಥವಾಯಿತೇ?’ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಸ್ಲೈಡ್ ಮುಗಿದರೆ ನಮ್ಮ ಕೆಲಸ ಮುಗಿಯಿತು. ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲು ಶುರು ಮಾಡಿದರೆ ಹೆದರಿಕೆ, ಇಂಗ್ಲಿಷ್ ಎರಡೂ ತಾವಾಗಿ ಹಗುರಾಗುತ್ತವೆ ಎಂಬುದು ನಾನು ನೋಡಿ ತಿಳಿದದ್ದು.

ಮಾಡಿದವಳು ಒಬ್ಬಳು, ಹೇಳಿದವನು ಇನ್ನೊಬ್ಬ

ನನ್ನ ರೂಮ್‌ಮೇಟ್ ರಾಯಚೂರು ಕಡೆಯವಳು. ಹತ್ತನೇ ತರಗತಿಯವರೆಗೂ ಕನ್ನಡ ಮಾಧ್ಯಮ. ಲ್ಯಾಬ್‌ನಲ್ಲಿ ಯಾರ ಸರ್ಕ್ಯೂಟ್ ಕೈಕೊಟ್ಟರೂ ಮೊದಲು ಕೂಗುವುದು ಅವಳನ್ನೇ. ಮಲ್ಟಿಮೀಟರ್ ಹಿಡಿದು ಎರಡು ನಿಮಿಷ ನೋಡಿ ‘ಈ ವೈರ್ ಲೂಸ್ ಐತಿ ನೋಡ’ ಎಂದು ಹೇಳಿಬಿಡುತ್ತಾಳೆ. ಕಳೆದ ಸೆಮಿಸ್ಟರ್‌ನಲ್ಲಿ ಅವಳ ತಂಡ ಒಂದು ಮಿನಿ ಪ್ರಾಜೆಕ್ಟ್ ಮಾಡಿತು. ಬೋರ್‌ವೆಲ್‌ನಲ್ಲಿ ನೀರು ಖಾಲಿಯಾದಾಗ ಮೋಟರ್ ತಾನಾಗಿ ನಿಲ್ಲುವಂತೆ ಮಾಡುವ ಸರ್ಕ್ಯೂಟ್ ಅದು. ಯೋಚನೆ ಅವಳದು, ಬೆಸುಗೆ ಹಾಕಿದ್ದೂ ಅವಳೇ.

ಅದಾದ ಮೇಲೆ ಕಂಪನಿಯೊಂದು ಇಂಟರ್ನ್‌ಷಿಪ್‌ಗೆ ಆಯ್ಕೆ ಮಾಡಲು ಕ್ಯಾಂಪಸ್‌ಗೆ ಬಂತು. ಲಿಖಿತ ಪರೀಕ್ಷೆಯಲ್ಲಿ ಅವಳು ಪಾಸಾದಳು. ಸಂದರ್ಶನದಲ್ಲಿ ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಎರಡು ನಿಮಿಷ ಹೇಳಿ’ ಎಂದು ಕೇಳಿದರಂತೆ. ಅವಳು ರಿಪೋರ್ಟ್‌ನ ಮೊದಲ ಪುಟದಲ್ಲಿದ್ದಂತೆ ‘ದಿ ಪ್ರಪೋಸ್ಡ್ ಸಿಸ್ಟಮ್ ಕನ್ಸಿಸ್ಟ್ಸ್ ಆಫ್...’ ಎಂದು ಶುರು ಮಾಡಿದಳು. ನಾಲ್ಕನೇ ವಾಕ್ಯಕ್ಕೆ ಮರೆತುಹೋಯಿತು. ಅದೇ ತಂಡದಲ್ಲಿ ರಿಪೋರ್ಟ್ ಟೈಪ್ ಮಾಡಿದ್ದ ಹುಡುಗ ಆಯ್ಕೆಯಾದ. ಅವನದೇನೂ ತಪ್ಪಿಲ್ಲ, ಕೇಳಿದ್ದಕ್ಕೆ ತಿಳಿಯುವಂತೆ ಹೇಳಿದ. ಆ ರಾತ್ರಿ ಅವಳು ಹೇಳಿದ ಮಾತು ಇಷ್ಟೇ: ‘ಅಂವ ಹೇಳಿದ್ದು ಅವ್ರಿಗೆ ತಿಳೀತು. ನಾ ಮಾಡಿದ್ದು ತಿಳೀಲಿಲ್ಲ.’

ಮಾತು ಕಲಿಯದಿದ್ದರೆ ಆಗುವ ನಷ್ಟ ಇದು. ಮಾರ್ಕ್ಸ್ ಕಾರ್ಡ್‌ನಲ್ಲಿ ಇದಕ್ಕೆ ಕಾಲಂ ಇಲ್ಲದಿರುವುದರಿಂದ ಪ್ಲೇಸ್‌ಮೆಂಟ್ ಬರುವವರೆಗೂ ನಮಗೆ ಗೊತ್ತಾಗುವುದಿಲ್ಲ.

ಒಂದು ಸ್ಲೈಡ್‌ನ ಕಥೆ

‘ಪಿಪಿಟಿ ತಾನೇ, ಹೇಗೋ ಮುಗಿಸಿದರಾಯಿತು’ ಎನ್ನುವವರು ಕೊಲಂಬಿಯಾ ನೌಕೆಯ ಕಥೆಯನ್ನು ಒಮ್ಮೆ ಓದಬೇಕು. ನಮ್ಮ ದೇಶದಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಸೇರಿ ಏಳು ಗಗನಯಾತ್ರಿಗಳಿದ್ದ ಆ ನೌಕೆ 2003ರ ಜನವರಿ 16ರಂದು ಮೇಲೇರಿತು. ಹೊರಟು ಸುಮಾರು 82 ಸೆಕೆಂಡ್ ಆದಾಗ, ಇಂಧನ ಟ್ಯಾಂಕಿನ ಹೊರಮೈಯಿಂದ ಫೋಮ್‌ನ ಒಂದು ತುಂಡು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿದ್ದಾಗಲೇ, ಇದರಿಂದ ಅಪಾಯವಿದೆಯೇ ಎಂದು ಎಂಜಿನಿಯರ್‌ಗಳು ಲೆಕ್ಕ ಹಾಕಿ ನಾಸಾದ ಅಧಿಕಾರಿಗಳಿಗೆ ಸ್ಲೈಡ್‌ಗಳನ್ನು ತೋರಿಸಿದರು.

ಅದರಲ್ಲಿ ಒಂದು ಸ್ಲೈಡ್ ಮುಂದೆ ಜಗತ್ತಿನಾದ್ಯಂತ ಚರ್ಚೆಗೆ ಬಂತು. ಮೇಲಿದ್ದ ದೊಡ್ಡ ತಲೆಬರಹ ಓದಿದರೆ ಎಲ್ಲವೂ ಸುರಕ್ಷಿತ ಎಂಬ ಭಾವನೆ ಬರುತ್ತಿತ್ತು. ಅದರ ಕೆಳಗೆ ಬುಲೆಟ್, ಬುಲೆಟ್ ಒಳಗೆ ಇನ್ನೊಂದು ಬುಲೆಟ್, ಅದರೊಳಗೆ ಮತ್ತೊಂದು. ನಿಜವಾಗಿ ಹೇಳಬೇಕಾಗಿದ್ದ ಮಾತು ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಇಂಚಿನ ಫೋಮ್ ತುಂಡಿನಿಂದ, ಈಗ ಬಡಿದಿರುವುದರ ಅಂದಾಜು 1,920 ಘನ ಇಂಚು! ಅಂದರೆ 640 ಪಟ್ಟು ದೊಡ್ಡದು. ಹಳೆಯ ಪರೀಕ್ಷೆಯಿಂದ ಈಗ ಏನೂ ಹೇಳಲಾಗದು ಎಂಬುದೇ ಅದರ ಅರ್ಥ. ಆದರೆ ಆ ಸಾಲಿನವರೆಗೆ ಕಣ್ಣು ಇಳಿಯಬೇಕಲ್ಲ?

ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ನೌಕೆ ಛಿದ್ರವಾಯಿತು. ಏಳೂ ಜನ ಉಳಿಯಲಿಲ್ಲ. ನೌಕೆಯನ್ನು ಕೆಡವಿದ್ದು ಫೋಮ್ ಮಾಡಿದ ಗಾಯ, ಸ್ಲೈಡ್ ಅಲ್ಲ. ಆದರೂ ತನಿಖಾ ಮಂಡಳಿ ಅದೇ ವರ್ಷ ಕೊಟ್ಟ ವರದಿಯಲ್ಲಿ, ಎಡ್ವರ್ಡ್ ಟಫ್ಟಿ ಎಂಬ ತಜ್ಞ ಆ ಸ್ಲೈಡ್ ಬಗ್ಗೆ ಮಾಡಿದ ವಿಶ್ಲೇಷಣೆಯನ್ನು ಸೇರಿಸಿತು. ಸರಿಯಾದ ತಾಂತ್ರಿಕ ವರದಿ ಬರೆಯುವ ಬದಲು ಸ್ಲೈಡ್‌ಗಳಲ್ಲೇ ಎಲ್ಲ ಮುಗಿಸುವ ಅಭ್ಯಾಸವನ್ನು ಟೀಕಿಸಿತು.

ನಮ್ಮ ಕಾಲೇಜಿನ ಪಿಪಿಟಿಗಳಿಗೂ ಇಲ್ಲೊಂದು ಪಾಠವಿದೆ. ನಮ್ಮ ಸ್ಲೈಡ್‌ಗಳ ತಲೆಬರಹ ಹೇಗಿರುತ್ತದೆ? ‘ಇಂಟ್ರೊಡಕ್ಷನ್’, ‘ಮೆಥಡಾಲಜಿ’, ‘ರಿಸಲ್ಟ್ಸ್’. ಇವು ಡಬ್ಬಿಯ ಮೇಲಿನ ಚೀಟಿಗಳಷ್ಟೇ, ಒಳಗೇನಿದೆ ಎಂದು ಹೇಳುವುದಿಲ್ಲ. ‘ರಿಸಲ್ಟ್ಸ್’ ಎಂದು ಬರೆಯುವ ಜಾಗದಲ್ಲಿ ‘ನೀರು ನಿಂತ ಕೂಡಲೇ ಮೋಟರ್ ನಿಲ್ಲುತ್ತದೆ’ ಎಂದು ಪೂರ್ತಿ ವಾಕ್ಯ ಬರೆಯಿರಿ. ಕೆಳಗೆ ಅದನ್ನು ತೋರಿಸುವ ಒಂದು ಗ್ರಾಫ್ ಅಥವಾ ಒಂದು ಫೋಟೊ ಹಾಕಿ. ಮುಗಿಯಿತು. ಬುಲೆಟ್‌ಗಳೆಲ್ಲ ನಿಮ್ಮ ಕೈಯಲ್ಲಿರುವ ಚೀಟಿಗೆ ಹೋಗಲಿ. ಪರದೆಯ ಮೇಲೆ ಓದಲು ಏನೂ ಇಲ್ಲದಿದ್ದರೆ ನೀವು ತಾನಾಗಿಯೇ ಜನರ ಕಡೆ ತಿರುಗುತ್ತೀರಿ.

ಒಂದು ಲೋಟ ನೀರಿನ ಕಥೆ

ಕೊಲಂಬಿಯಾಕ್ಕಿಂತ 17 ವರ್ಷ ಹಿಂದೆ, 1986ರ ಜನವರಿ 28ರಂದು, ಚಾಲೆಂಜರ್ ಎಂಬ ಇನ್ನೊಂದು ನೌಕೆ ಹೊರಟ 73 ಸೆಕೆಂಡಿಗೆ ಆಕಾಶದಲ್ಲೇ ಒಡೆದುಹೋಗಿತ್ತು. ಅಲ್ಲೂ ಏಳು ಜನ ಸತ್ತರು. ಆ ಬೆಳಿಗ್ಗೆ ವಿಪರೀತ ಚಳಿಯಿತ್ತು. ರಾಕೆಟ್‌ನ ಭಾಗಗಳ ನಡುವೆ ಅನಿಲ ಸೋರದಂತೆ ತಡೆಯುವ ‘ಓ-ರಿಂಗ್’ ಎಂಬ ರಬ್ಬರ್ ಬಳೆಗಳು ಚಳಿಗೆ ಕೆಲಸ ಮಾಡದೇ ಹೋಗಬಹುದು, ಉಡಾವಣೆ ಬೇಡ ಎಂದು ಕೆಲವು ಎಂಜಿನಿಯರ್‌ಗಳು ಹಿಂದಿನ ರಾತ್ರಿಯೇ ಹೇಳಿದ್ದರು. ಪಟ್ಟಿ, ನಕ್ಷೆ ಎಲ್ಲವನ್ನೂ ತೋರಿಸಿದ್ದರು. ಆದರೂ ನಿರ್ಧಾರ ಮಾಡುವವರಿಗೆ ಅದು ನಾಟಲಿಲ್ಲ.

ಮುಂದೆ ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಏನು ಮಾಡಿದರು ಗೊತ್ತೇ? ಟಿ.ವಿ ಕ್ಯಾಮೆರಾಗಳ ಮುಂದೆ ವಿಚಾರಣೆ ನಡೆಯುತ್ತಿದ್ದಾಗ, ಆ ರಬ್ಬರಿನ ಒಂದು ಚೂರನ್ನು ಸಣ್ಣ ಕ್ಲ್ಯಾಂಪ್‌ನಲ್ಲಿ ಒತ್ತಿ ಹಿಡಿದು, ಮುಂದಿದ್ದ ಐಸ್ ನೀರಿನ ಲೋಟದಲ್ಲಿ ಮುಳುಗಿಸಿದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದು ಕ್ಲ್ಯಾಂಪ್ ಸಡಿಲಿಸಿದರು. ರಬ್ಬರ್ ತಕ್ಷಣ ಮೊದಲಿನ ಆಕಾರಕ್ಕೆ ಬರಲಿಲ್ಲ. ಚಳಿಯಲ್ಲಿ ಅದರ ಪುಟಿಯುವ ಗುಣ ಹೋಗುತ್ತದೆ ಎಂಬುದು ನೋಡಿದವರಿಗೆಲ್ಲ ತಿಳಿಯಿತು. ವಿಜ್ಞಾನ ಓದದವರಿಗೂ ತಿಳಿಯಿತು.

ಫೈನ್‌ಮನ್ ನೊಬೆಲ್ ಪ್ರಶಸ್ತಿ ಪಡೆದವರು. ಬೇಕಿದ್ದರೆ ಬೋರ್ಡ್ ತುಂಬ ಸಮೀಕರಣ ಬರೆಯಬಹುದಿತ್ತು. ಅವರು ಯೋಚಿಸಿದ್ದು ನೋಡುವವರ ಕಡೆಯಿಂದ. ನಮ್ಮ ವಿಷಯದಲ್ಲಿ ಆ ‘ಲೋಟ’ ಯಾವುದು ಎಂದು ಹುಡುಕುವುದೇ ತಯಾರಿಯ ಮೊದಲ ಕೆಲಸ. ಟೇಬಲ್ ಮೇಲಿಟ್ಟು ತೋರಿಸಬಹುದಾದ ವಸ್ತು ಇರಬಹುದು, ಎಲ್ಲರೂ ಕಂಡಿರುವ ಒಂದು ಉದಾಹರಣೆಯೂ ಇರಬಹುದು.

ಮೊದಲು ಕನ್ನಡದಲ್ಲಿ, ಮನೆಯವರಿಗೆ

ಆ ಉದಾಹರಣೆ ಎಲ್ಲಿ ಸಿಗುತ್ತದೆ? ನನಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ.

ಐದನೇ ಸೆಮಿಸ್ಟರ್‌ನಲ್ಲಿ ನಾನು ‘ಸ್ಯಾಂಪ್ಲಿಂಗ್’ ಬಗ್ಗೆ ಮಾತಾಡಬೇಕಿತ್ತು. ಧ್ವನಿಯಂಥ ಒಂದೇ ಸಮನೆ ಬದಲಾಗುವ ಸಂಕೇತವನ್ನು ಕಂಪ್ಯೂಟರ್ ಪೂರ್ತಿ ಹಿಡಿದಿಡಲಾರದು. ನಡುನಡುವೆ ಅಳತೆ ತೆಗೆದು ಬರೆದಿಟ್ಟುಕೊಳ್ಳುತ್ತದೆ. ಎಷ್ಟು ಬೇಗ ಬೇಗ ಅಳತೆ ತೆಗೆಯಬೇಕು ಎಂಬುದೇ ಅಲ್ಲಿನ ಪ್ರಶ್ನೆ. ರಜೆಗೆ ಊರಿಗೆ, ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದಾಗ ಇದನ್ನು ಅಮ್ಮನಿಗೆ ಹೇಳಲು ಹೊರಟೆ. ಅಮ್ಮ ಹಾಲು ಕಾಯಿಸುತ್ತಿದ್ದಳು. ‘ಅಮ್ಮಾ, ನೀನು ಹಾಲಿಟ್ಟು ಹತ್ತು ನಿಮಿಷಕ್ಕೊಂದು ಸಲ ಬಂದು ನೋಡ್ತೀಯ ಅಂದ್ಕೋ. ನೋಡಿದಾಗೆಲ್ಲ ಹಾಲು ಸುಮ್ನೆ ಇರತ್ತೆ. ಆದ್ರೆ ನಡುವೆ ಒಂದು ಸಲ ಉಕ್ಕಿ ಇಳಿದುಬಿಟ್ಟಿರತ್ತೆ. ನಿನ್ನ ಲೆಕ್ಕದಲ್ಲಿ ಹಾಲು ಉಕ್ಕೇ ಇಲ್ಲ!’ ಎಂದೆ. ಅಮ್ಮ ಒಲೆಯಿಂದ ಕಣ್ಣು ತೆಗೆಯದೆ ಕೇಳಿದಳು: ‘ಹಂಗಾರೆ ಎಷ್ಟೊತ್ತಿಗೊಂದ್ಸಲ ನೋಡ್ಬೇಕು ಅಂತ ನಿಮ್ಮ ಪುಸ್ತಕ ಹೇಳತ್ತೆ?’

ಇಡೀ ಸೆಮಿನಾರ್ ಆ ಪ್ರಶ್ನೆಯಲ್ಲಿತ್ತು. ಸಂಕೇತ ಎಷ್ಟು ವೇಗವಾಗಿ ಬದಲಾಗುತ್ತದೋ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ನೋಡಬೇಕು ಎಂಬುದೇ ನೈಕ್ವಿಸ್ಟ್ ನಿಯಮ. ಮನುಷ್ಯರ ಕಿವಿಗೆ ಕೇಳುವುದು ಸುಮಾರು 20,000 ಹರ್ಟ್ಸ್‌ವರೆಗೆ. ಅದಕ್ಕೇ ಸಿ.ಡಿಯಲ್ಲಿ ಸೆಕೆಂಡಿಗೆ 44,100 ಸಲ ಅಳತೆ ತೆಗೆಯುತ್ತಾರೆ. ಫೋನ್ ಮಾತಿಗೆ 3,400 ಹರ್ಟ್ಸ್ ಸಾಕು, ಹಾಗಾಗಿ 8,000 ಸಲ. ನನ್ನ ಸ್ಲೈಡ್‌ಗಳ ಕ್ರಮ ಅಮ್ಮನ ಪ್ರಶ್ನೆಯ ಕ್ರಮವೇ ಆಯಿತು: ಹಾಲು, ಪ್ರಶ್ನೆ, ನಿಯಮ, ಸಿ.ಡಿ, ಫೋನ್. ಇಂಗ್ಲಿಷ್‌ನಲ್ಲಿ ಹೇಳುವಾಗಲೂ ಅದೇ ಕ್ರಮ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಇಂಗ್ಲಿಷ್‌ನಲ್ಲಿ ಮಾತಾಡಬೇಕಾದ ವಿಷಯವನ್ನು ಮೊದಲು ಕನ್ನಡದಲ್ಲಿ ಒಬ್ಬರಿಗೆ ಪೂರ್ತಿ ಹೇಳಿ. ಕನ್ನಡದಲ್ಲೂ ಎಲ್ಲಾದರೂ ತಡವರಿಸಿದರೆ ಅಲ್ಲಿ ಭಾಷೆಯ ತೊಂದರೆ ಇಲ್ಲ, ವಿಷಯ ನಮಗೇ ತಿಳಿದಿಲ್ಲ ಎಂದರ್ಥ. ಆ ಜಾಗಕ್ಕೆ ಪುಸ್ತಕ ತೆರೆಯಿರಿ. ವಿಷಯ ಗಟ್ಟಿಯಾದ ಮೇಲೆ ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ‘ವೆನ್ ದಿ ವೆಲ್ ಈಸ್ ಡ್ರೈ, ದಿ ಮೋಟರ್ ಕರೆಂಟ್ ಫಾಲ್ಸ್’ ಎಂಬ ವಾಕ್ಯಕ್ಕೆ ಏಳನೇ ತರಗತಿಯ ಇಂಗ್ಲಿಷ್ ಸಾಕು. ಸಂದರ್ಶಕರಿಗೆ ಬೇಕಾದುದೂ ಇಂಥ ವಾಕ್ಯವೇ.

ಬಾಯಿಗೆ ದಾರಿ ಸವೆಸಿ

ನಮ್ಮೂರ ಕಡೆ ತಾಳಮದ್ದಳೆ ಕೇಳಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಪರದೆಯಂತೂ ಇಲ್ಲವೇ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕೃಷ್ಣನಾಗಿ, ಕರ್ಣನಾಗಿ ಮಾತಾಡುತ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಆ ಕ್ಷಣದ್ದು. ಎದುರಿನವರು ಏನು ಕೇಳುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ದೊಡ್ಡ ಹೆಸರು ಮಾಡಿದ್ದು ಈ ಮಾತಿನಿಂದಲೇ.

ನಮ್ಮಜ್ಜ ಹವ್ಯಾಸಿ ಅರ್ಥಧಾರಿ. ಕೂಟವಿದ್ದರೆ ಎರಡು ದಿನ ಮೊದಲಿಂದ ಅಡಿಕೆ ತೋಟದಲ್ಲಿ ಒಬ್ಬರೇ ಗಟ್ಟಿಯಾಗಿ ಮಾತಾಡುತ್ತಾ ಓಡಾಡುತ್ತಾರೆ. ‘ಬರೆದಿಟ್ಕೊಂಡು ಬಾಯಿಪಾಠ ಮಾಡಬಹುದಲ್ಲ ಅಜ್ಜ?’ ಎಂದು ಕೇಳಿದ್ದೆ. ‘ಬಾಯಿಪಾಠ ಮಾಡಿದ್ರೆ ಒಂದು ಶಬ್ದ ತಪ್ಪಿದ್ರೂ ಎಲ್ಲ ತಪ್ಪತ್ತೆ. ಕಥೆ ಗೊತ್ತಿರಬೇಕು, ಹೇಳೋ ನಾಲ್ಕು ವಿಷಯ ಗೊತ್ತಿರಬೇಕು. ಆಮೇಲೆ ತಲೆಯಲ್ಲಿರೋದು ಬಾಯಿಗೆ ಬರೋ ದಾರಿ ಸವೆಸಬೇಕು ಕೂಸೆ’ ಎಂದರು.

ನಾವು ತಯಾರಿ ಎಂದರೆ ಸ್ಲೈಡ್ ಮುಂದೆ ಕೂತು ಮನಸ್ಸಿನಲ್ಲಿ ಓದಿಕೊಳ್ಳುವುದು ಎಂದುಕೊಂಡಿದ್ದೇವೆ. ಈಜುವುದನ್ನು ಓದಿ ಕಲಿಯಲು ಆಗುತ್ತದೆಯೇ? ಮಾತೂ ಅಷ್ಟೇ. ಅಜ್ಜನ ಪದ್ಧತಿಯನ್ನು ಸೆಮಿನಾರ್‌ಗೆ ಹೊಂದಿಸಿಕೊಂಡು ನಾನು ಹೀಗೆ ಮಾಡುತ್ತೇನೆ:

• ಒಂದು ಕಾರ್ಡ್ ಮೇಲೆ ನಾಲ್ಕೈದು ಪದಗಳನ್ನು ಮಾತ್ರ ಬರೆದುಕೊಳ್ಳುತ್ತೇನೆ. ವಾಕ್ಯ ಬರೆಯುವುದಿಲ್ಲ.

• ನಿಂತುಕೊಂಡು, ಸಭೆಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ, ಮೂರು ದಿನ ದಿನಕ್ಕೊಂದು ಸಲ ಪೂರ್ತಿ ಹೇಳುತ್ತೇನೆ. ಪ್ರತಿ ಸಲ ವಾಕ್ಯಗಳು ಬೇರೆಯಾದರೂ ಚಿಂತೆಯಿಲ್ಲ.

• ಎರಡನೇ ದಿನದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳುತ್ತೇನೆ. ನಮ್ಮ ಧ್ವನಿ ನಮಗೇ ವಿಚಿತ್ರವಾಗಿ ಕೇಳಿಸುತ್ತದೆ. ನಾವು ಮಾತಾಡುವಾಗ ತಲೆಬುರುಡೆಯ ಮೂಳೆಯ ಮೂಲಕವೂ ಧ್ವನಿ ಒಳಗಿವಿಗೆ ತಲುಪುವುದರಿಂದ ಹಾಗೆ. ಎರಡು ನಿಮಿಷದಲ್ಲಿ ಅಭ್ಯಾಸವಾಗುತ್ತದೆ.

• ಗಡಿಯಾರ ಇಟ್ಟುಕೊಳ್ಳುತ್ತೇನೆ. ಹತ್ತು ನಿಮಿಷ ಕೊಟ್ಟಿದ್ದರೆ ಎಂಟು ನಿಮಿಷಕ್ಕೆ ತಯಾರಿ. ಪ್ರೊಜೆಕ್ಟರ್ ಹೊಂದಿಸುವುದರಲ್ಲೇ ಒಂದು ನಿಮಿಷ ಹೋಗುತ್ತದೆ.

• ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಇವಷ್ಟನ್ನು ಮಾತ್ರ ಬಾಯಿಪಾಠ ಮಾಡುತ್ತೇನೆ. ಎದೆ ಹೆಚ್ಚು ಹೊಡೆದುಕೊಳ್ಳುವುದು ಶುರುವಿನಲ್ಲಿ, ಗೊಂದಲವಾಗುವುದು ಮುಗಿಸುವಾಗ.

ಹೆದರಿಕೆಗೆ ಏನು ಮಾಡುವುದು?

ಎದ್ದು ನಿಂತ ಕೂಡಲೇ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ಎದೆ ಬಡಿತ ಕಿವಿಗೆ ಕೇಳುತ್ತದೆ. ದೇಹ ಅಡ್ರಿನಲಿನ್ ಬಿಡುಗಡೆ ಮಾಡಿ ಓಡಲು ಇಲ್ಲವೇ ಎದುರಿಸಲು ಸಿದ್ಧವಾಗುವ ರೀತಿ ಇದು. ಎಷ್ಟೋ ವರ್ಷ ವೇದಿಕೆಯಲ್ಲಿದ್ದವರಿಗೂ ಇದು ತಪ್ಪಿದ್ದಲ್ಲ.

ಈ ಬಗ್ಗೆ ಎರಡು ಸಂಶೋಧನೆಗಳು ನನಗೆ ತುಂಬ ಸಹಾಯ ಮಾಡಿದವು. ಮೊದಲನೆಯದು, ಅಮೆರಿಕದ ಮನೋವಿಜ್ಞಾನಿಗಳಾದ ಕೆನೆತ್ ಸವಿಟ್‌ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ್ದು. ‘ನನ್ನ ನಡುಕ ಎಲ್ಲರಿಗೂ ಕಾಣುತ್ತಿದೆ’ ಎಂದು ಮಾತಾಡುವವರು ಅಂದುಕೊಳ್ಳುತ್ತಾರೆ, ಆದರೆ ಕೇಳುವವರಿಗೆ ಅಷ್ಟು ಕಾಣುವುದೇ ಇಲ್ಲ ಎಂದು ಅವರು ಕಂಡುಕೊಂಡರು. ಈ ಸಂಗತಿಯನ್ನು ಮೊದಲೇ ತಿಳಿಸಿದ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರಂತೆ. ಎರಡನೆಯದು, ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ್ದು. ಭಾಷಣಕ್ಕೆ ಮುಂಚೆ ‘ನಾನು ಶಾಂತವಾಗಿದ್ದೇನೆ’ ಎಂದು ಹೇಳಿಕೊಂಡವರಿಗಿಂತ ‘ನನಗೆ ಉತ್ಸಾಹವಾಗುತ್ತಿದೆ’ ಎಂದು ಹೇಳಿಕೊಂಡವರ ಮಾತು ಹೆಚ್ಚು ಪರಿಣಾಮಕಾರಿಯಾಗಿತ್ತು. ಬಡಿದುಕೊಳ್ಳುವ ಎದೆಯನ್ನು ಸುಮ್ಮನಿರಿಸುವುದು ಕಷ್ಟ. ಅದೇ ಬಡಿತಕ್ಕೆ ಬೇರೆ ಹೆಸರಿಡುವುದು ಸುಲಭ.

ಇದರ ಜೊತೆಗೆ ನೀವೇ ಮಾಡಿಕೊಳ್ಳಬಹುದಾದ ಸಣ್ಣ ಕೆಲಸಗಳಿವೆ. ವೇದಿಕೆಗೆ ಹೋದ ತಕ್ಷಣ ಮಾತು ಶುರು ಮಾಡಬೇಡಿ. ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲಿ. ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಮೂರು ಕಡೆ ಮೂರು ಪರಿಚಿತ ಮುಖ ಹುಡುಕಿಕೊಳ್ಳಿ. ಒಂದು ವಾಕ್ಯ ಒಬ್ಬರಿಗೆ ಹೇಳಿ, ಮುಂದಿನ ವಾಕ್ಯ ಇನ್ನೊಬ್ಬರಿಗೆ. ಅರವತ್ತು ಜನರಿಗೆ ಭಾಷಣ ಮಾಡುವುದಕ್ಕಿಂತ ಒಬ್ಬ ಗೆಳೆಯನಿಗೆ ಒಂದು ಮಾತು ಹೇಳುವುದು ಸುಲಭ. ಅವನು ತಲೆಯಾಡಿಸಿದರೆ ಮುಂದಿನ ಮಾತಿಗೆ ಧೈರ್ಯ ಬರುತ್ತದೆ. ಹುಬ್ಬು ಗಂಟಿಕ್ಕಿದರೆ ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳಿ. ಅವನಿಗೆ ತಿಳಿಯಿತೇ ಎಂದು ನೋಡುವುದರಲ್ಲಿ ಮುಳುಗಿದಾಗ ನಮ್ಮ ಕೈ ನಡುಗುತ್ತಿದೆಯೇ ಎಂದು ನೋಡಿಕೊಳ್ಳಲು ಪುರಸೊತ್ತು ಇರುವುದಿಲ್ಲ.

ಆ ಶೇ 93ರ ಲೆಕ್ಕ

ಸಾಫ್ಟ್ ಸ್ಕಿಲ್ಸ್ ತರಬೇತಿಗಳಲ್ಲಿ ನೀವೂ ಕೇಳಿರುತ್ತೀರಿ: ‘ಸಂವಹನದಲ್ಲಿ ಪದಗಳ ಪಾತ್ರ ಶೇ 7 ಮಾತ್ರ. ಧ್ವನಿಯದು ಶೇ 38, ದೇಹಭಾಷೆಯದು ಶೇ 55.’ ಇದನ್ನು ಕೇಳಿ ಟೈ ಕಟ್ಟುವುದು, ಕೈ ಆಡಿಸುವುದು ಇಷ್ಟರಲ್ಲೇ ತಯಾರಿ ಮುಗಿಸುವವರಿದ್ದಾರೆ. ಈ ಅಂಕಿಗಳು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದಿವೆ. ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖಭಾವದ ಫೋಟೊ ತೋರಿಸಿ, ಹೇಳಿದವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ ಪ್ರಯೋಗಗಳವು. ಭಾವನೆ, ಇಷ್ಟಾನಿಷ್ಟಗಳ ವಿಷಯಕ್ಕೆ ಮಾತ್ರ ಈ ಲೆಕ್ಕ ಅನ್ವಯ ಎಂದು ಅವರೇ ಹೇಳಿದ್ದಾರೆ.

ಒಮ್ಮೆ ಯೋಚಿಸಿ. ಪದಗಳ ಪಾತ್ರ ಶೇ 7 ಮಾತ್ರ ಆಗಿದ್ದರೆ ಭಾಷೆಯೇ ಗೊತ್ತಿಲ್ಲದ ಸಿನಿಮಾ ನಮಗೆ ಸಬ್‌ಟೈಟಲ್ ಇಲ್ಲದೆ ಅರ್ಥವಾಗಬೇಕಿತ್ತು! ನೇರವಾಗಿ ನಿಲ್ಲಿ, ಕೇಳುವಂತೆ ಮಾತಾಡಿ. ಅದರಾಚೆಗೆ ನಿಮ್ಮ ಶ್ರಮವೆಲ್ಲ ಹೇಳುವ ವಿಷಯಕ್ಕೇ ಇರಲಿ.

ಪ್ರಶ್ನೆ ಬಂದಾಗ

ವೈವಾ ಮತ್ತು ಸಂದರ್ಶನದಲ್ಲಿ ನಿಜವಾದ ಪರೀಕ್ಷೆ ಶುರುವಾಗುವುದು ನಮ್ಮ ಮಾತು ಮುಗಿದ ಮೇಲೆ. ಪ್ರಶ್ನೆ ಪೂರ್ತಿ ಕೇಳಿ, ಅರ್ಧಕ್ಕೇ ಉತ್ತರ ಶುರು ಮಾಡಬೇಡಿ. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ‘ನೀವು ಕೇಳಿದ್ದು ಇದೇ ಅಲ್ಲವೇ ಸರ್?’ ಎಂದು ಖಚಿತ ಮಾಡಿಕೊಳ್ಳಿ. ಯೋಚಿಸಲು ಸಮಯವೂ ಸಿಗುತ್ತದೆ.

ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಅಷ್ಟಕ್ಕೇ ನಿಲ್ಲಿಸದೆ ಎಲ್ಲಿಯವರೆಗೆ ಗೊತ್ತು ಎಂಬುದನ್ನೂ ಹೇಳಿ: ‘ಒಂದು ಮೋಟರ್ ಜೊತೆ ಪರೀಕ್ಷಿಸಿದ್ದೇವೆ, ದೊಡ್ಡ ಮೋಟರ್ ಜೊತೆ ಇನ್ನೂ ಮಾಡಿಲ್ಲ. ಮಾಡಬೇಕೆಂದರೆ ಹೀಗೆ ಮಾಡುತ್ತೇವೆ.’ ಎಂಜಿನಿಯರ್ ಆಗುವವರಿಗೆ ಇದು ಸಭ್ಯತೆಗಿಂತ ದೊಡ್ಡ ವಿಷಯ. 3 ಘನ ಇಂಚಿಗೂ 1,920 ಘನ ಇಂಚಿಗೂ ನಡುವಿನ ಅಂತರ ನೆನಪಿದೆಯಲ್ಲ? ಪರೀಕ್ಷೆ ಮಾಡದೇ ಇರುವುದು ಯಾವುದು ಎಂದು ದೊಡ್ಡ ಅಕ್ಷರದಲ್ಲಿ ಹೇಳುವ ಅಭ್ಯಾಸ ಕಾಲೇಜಿನಲ್ಲೇ ಆಗಬೇಕು.

ನಾಲ್ಕು ಜನ ಸಾಕು

1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬುವರು ಯುವಕರಿಗೆ ಮಾತು ಕಲಿಸಲು ಶುರು ಮಾಡಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳು ಈಗ ಬೆಂಗಳೂರಿನಲ್ಲೂ ಇವೆ. ಅಲ್ಲಿ ಒಬ್ಬರು ಸಮಯ ನೋಡುತ್ತಾರೆ, ಒಬ್ಬರು ‘ಆಂ’, ‘ಊಂ’ ಎಷ್ಟು ಸಲ ಬಂತು ಎಂದು ಎಣಿಸುತ್ತಾರೆ. ಆಗಲೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತಾಡುವ ಸುತ್ತೂ ಇರುತ್ತದೆ. ಸದಸ್ಯರಾಗಲು ಶುಲ್ಕ ಕಟ್ಟಬೇಕು. ಹತ್ತಿರದಲ್ಲಿ ಕ್ಲಬ್ ಇಲ್ಲದವರು, ಶುಲ್ಕ ಕಟ್ಟಲಾಗದವರು ಏನು ಮಾಡಬೇಕು? ನಮ್ಮ ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಸೇರಿ ನಮ್ಮದೇ ಕೂಟ ಮಾಡಿಕೊಂಡೆವು. ವಾರಕ್ಕೆರಡು ದಿನ, ರಾತ್ರಿ ಊಟದ ನಂತರ, ಅರ್ಧ ಗಂಟೆ.

ನಿಯಮ ಸರಳ. ಒಬ್ಬರು ಎರಡು ನಿಮಿಷ ಮಾತಾಡಬೇಕು. ಒಬ್ಬರು ‘ಆಕ್ಚುಲಿ’, ‘ಬೇಸಿಕಲಿ’, ‘ಸೋ’ಗಳನ್ನು ಎಣಿಸಬೇಕು. ಎಣಿಕೆ ಗೊತ್ತಾದರೆ ಸಾಕು, ಆ ಜಾಗದಲ್ಲಿ ಸುಮ್ಮನೆ ಒಂದು ಕ್ಷಣ ನಿಲ್ಲುವುದನ್ನು ನಾವೇ ಕಲಿಯುತ್ತೇವೆ. ಒಬ್ಬರು ಒಂದು ಪ್ರಶ್ನೆ ಕೇಳಬೇಕು. ಉಳಿದವರು ‘ನನಗೆ ಅರ್ಥವಾಗಿದ್ದು ಇಷ್ಟು’ ಎಂದು ಕೇಳಿದ್ದನ್ನು ತಿರುಗಿ ಹೇಳಬೇಕು. ‘ಚೆನ್ನಾಗಿತ್ತು’ ಎಂಬ ಪದಕ್ಕೆ ನಿಷೇಧ. ಚೆನ್ನಾಗಿತ್ತು ಎಂದರೆ ಏನೂ ತಿಳಿಯುವುದಿಲ್ಲ. ತಿರುಗಿ ಹೇಳಿದಾಗ ಏನು ತಲುಪಿತು, ಏನು ದಾರಿಯಲ್ಲೇ ಉಳಿಯಿತು ಎಂಬುದು ಗೊತ್ತಾಗುತ್ತದೆ.

ರಾಯಚೂರಿನ ನನ್ನ ಗೆಳತಿ ಮೊದಲ ವಾರ ಮತ್ತೆ ‘ದಿ ಪ್ರಪೋಸ್ಡ್ ಸಿಸ್ಟಮ್’ ಎಂದೇ ಶುರು ಮಾಡಿದಳು. ಯಾರಿಗೂ ತಿರುಗಿ ಹೇಳಲು ಆಗಲಿಲ್ಲ. ‘ಇದನ್ನ ಯಾಕೆ ಮಾಡಿದೆ ಹೇಳು’ ಎಂದು ಕೇಳಿದೆವು. ಅವಳು ಕನ್ನಡದಲ್ಲಿ ಹೇಳಿದಳು: ಅವರ ಊರಲ್ಲಿ ಪಂಪ್‌ಗೆ ಕರೆಂಟ್ ರಾತ್ರಿ ಬರುತ್ತದೆ. ಅಪ್ಪ ಮೋಟರ್ ಹಾಕಿ ಮಲಗುತ್ತಾರೆ. ಬೋರ್‌ವೆಲ್‌ನಲ್ಲಿ ನೀರು ಖಾಲಿಯಾದರೂ ಮೋಟರ್ ತಿರುಗುತ್ತಲೇ ಇರುತ್ತದೆ. ಅದನ್ನು ತಂಪಾಗಿಡುವುದು ನೀರೇ, ನೀರಿಲ್ಲದೆ ಬಿಸಿಯಾಗಿ ಸುಡುತ್ತದೆ. ಅವರದು ಎರಡು ಸಲ ಸುಟ್ಟಿದೆ. ನೀರು ಎತ್ತುವ ಕೆಲಸ ಇಲ್ಲದಾಗ ಮೋಟರ್ ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ. ಅದನ್ನು ಗುರುತಿಸಿ ಮೋಟರ್ ನಿಲ್ಲಿಸುವುದೇ ಅವಳ ಸರ್ಕ್ಯೂಟ್.

ನಾವೆಲ್ಲರೂ ಒಂದು ಪದ ಬಿಡದೆ ತಿರುಗಿ ಹೇಳಿದೆವು. ಮುಂದಿನ ವಾರ ಅದನ್ನೇ ಎಂಟು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿದಳು. ಈ ಸೆಮಿಸ್ಟರ್‌ನ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅವಳ ಟೇಬಲ್ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದರು. ಸ್ಲೈಡ್ ತೆರೆಯಲೇ ಇಲ್ಲ. ಕೊನೆಗೆ ‘ಇದಕ್ಕೆ ಎಷ್ಟು ಖರ್ಚಾಗುತ್ತಮ್ಮಾ?’ ಎಂದು ಕೇಳಿದರು. ಕೆಲಸ ಸಿಗುವುದು ಇನ್ನೂ ಮುಂದಿನ ಮಾತು, ಪ್ಲೇಸ್‌ಮೆಂಟ್ ಸೀಸನ್ ಬರಬೇಕಷ್ಟೆ. ಆದರೆ ಮಾಡಿದ್ದು ಯಾರು ಎಂದು ಈಗ ಯಾರಿಗೂ ಅನುಮಾನವಿಲ್ಲ.

ನಿಮ್ಮದೂ ಸೆಮಿನಾರ್ ಅಥವಾ ಸಂದರ್ಶನ ಹತ್ತಿರವಿದ್ದರೆ ಲ್ಯಾಪ್‌ಟಾಪ್ ತೆರೆಯುವ ಮೊದಲು ಮನೆಗೊಂದು ಫೋನ್ ಮಾಡಿ. ಅಮ್ಮನೋ, ಅಪ್ಪನೋ, ತಮ್ಮನೋ ಯಾರಾದರೂ ಸರಿ. ನೀವು ಹೇಳಬೇಕೆಂದಿರುವ ವಿಷಯವನ್ನು ಎರಡು ನಿಮಿಷದಲ್ಲಿ ಅವರಿಗೆ ಹೇಳಿ. ಮುಗಿದ ಮೇಲೆ ‘ಏನು ಅರ್ಥ ಆಯ್ತು, ಹೇಳಿ ನೋಡೋಣ’ ಎಂದು ಕೇಳಿ. ಅವರು ಹೇಳಿದ್ದನ್ನೂ, ಅವರು ಕೇಳಿದ ಮೊದಲ ಪ್ರಶ್ನೆಯನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸ್ಲೈಡ್ ಮಾಡುವ ಕೆಲಸ ಅಲ್ಲಿಂದ ಶುರುವಾಗಲಿ.